ಕಸುಬು ಹೊತ್ತು ಹುಟ್ಟಿದ ನಾಯಿ



ಕಳೆದ ಕೆಲವು ತಿಂಗಳುಗಳಲ್ಲಿ ನಿಮ್ಮಲ್ಲಿ ಮೂವರು ಬೇರೆ ಬೇರೆ ಸಂದರ್ಭಗಳಲ್ಲಿ ನನಗೆ ಒಂದೇ ಪ್ರಶ್ನೆಯನ್ನು ಕೇಳಿದ್ದೀರಿ: “ಸಾರ್, ಮಕ್ಕಳು ನಾಯಿಮರಿ ಬೇಕೆಂದು ಹಟ ಹಿಡಿದಿದ್ದಾರೆ. ನಿಮ್ಮ ಮನೆಯಲ್ಲಿ ಇದೆಯಲ್ಲ, ಆ ಉದ್ದ ಕಿವಿಯದ್ದು, ಅದೇ ತಳಿಯ ಮರಿಯೊಂದನ್ನು ತರೋಣವೆ?” ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ‘ತನ್ನಿ’ ಎಂದರೂ ಕಷ್ಟ, ‘ಬೇಡ’ ಎಂದರೂ ಕಷ್ಟ. ಮೇಷ್ಟರ ಹಳೆಯ ಚಾಳಿಯಂತೆ ಪೀಠಿಕೆಯಿಂದ ಆರಂಭಿಸಿ ನನಗೆ ತಿಳಿದದ್ದನ್ನೆಲ್ಲ ಹೇಳಿಬಿಡುತ್ತೇನೆ. ಉತ್ತರವನ್ನು ನೀವೇ ಬರೆದುಕೊಳ್ಳಿ.

ಮೊದಲು ಪರಿಚಯ. ನಮ್ಮ ಮನೆಯಲ್ಲಿರುವುದು ಇಂಗ್ಲಿಷ್ ಕಾಕರ್ ಸ್ಪೇನಿಯಲ್ ತಳಿಯ ಗಂಡು ನಾಯಿ. ಹೆಸರು ಕೋಕೋ. ಆ ಹೆಸರು ನಾವಿಟ್ಟದ್ದಲ್ಲ, ಅದರ ಕತೆಯನ್ನು ಮುಂದೆ ಹೇಳುತ್ತೇನೆ. ಈ ತಳಿಯ ನಾಯಿ ಭುಜದ ಬಳಿ 38ರಿಂದ 41 ಸೆಂಟಿಮೀಟರ್ ಎತ್ತರವಿರುತ್ತದೆ, ತೂಕ 13ರಿಂದ 14.5 ಕಿಲೋ. ಮೈ ಗಟ್ಟಿಮುಟ್ಟು. ಕಿವಿಗಳು ಕಣ್ಣಿನ ಮಟ್ಟದಿಂದ ಆರಂಭವಾಗಿ ಕೆಳಗೆ ಜೋಲುತ್ತವೆ. ಅವುಗಳ ಮೇಲೂ ಎದೆ, ಹೊಟ್ಟೆ, ಕಾಲುಗಳ ಹಿಂಬದಿಯಲ್ಲೂ ರೇಷ್ಮೆಯಂಥ ನೀಳ ಕೂದಲು. ಬಣ್ಣಗಳು ಹಲವು: ಕಪ್ಪು, ಚಿನ್ನದ ಬಣ್ಣ, ಕಂದು, ಬಿಳಿಯೊಡನೆ ಬೆರೆತ ಚುಕ್ಕೆಗಳದು. ನಮ್ಮವನದು ಕಾಫಿಬೀಜದ ಕಂದು. ಬಾಲವಂತೂ ನಿದ್ದೆಯಲ್ಲಿ ಹೊರತು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಈ ತಳಿಯ ಲಕ್ಷಣಗಳನ್ನು ವಿವರಿಸುವ ಇಂಗ್ಲಿಷ್ ಬರಹಗಳಲ್ಲೆಲ್ಲ ‘ಉಲ್ಲಾಸದ ನಾಯಿ’ ಎಂಬ ವಿಶೇಷಣ ತಪ್ಪದೆ ಬರುತ್ತದೆ. ಸರಿಯಾಗಿ ಸಾಕಿದರೆ 12–14 ವರ್ಷ ಬದುಕುತ್ತದೆ. ಇದೇ ಹೆಸರಿನ ಅಮೆರಿಕನ್ ಕಾಕರ್ ಬೇರೊಂದು ತಳಿ. ಅದು ಇನ್ನೂ ಸ್ವಲ್ಪ ಚಿಕ್ಕದು, ತಲೆ ಗುಮ್ಮಟದಂತೆ ದುಂಡಗೆ, ಕೂದಲು ಇನ್ನೂ ಹೆಚ್ಚು.

ಇಷ್ಟನ್ನು ಮರಿ ಮಾರುವವರೂ ಹೇಳುತ್ತಾರೆ. ಅವರು ಹೇಳದೆ ಬಿಡುವುದು ಈ ನಾಯಿಯ ಕಸುಬನ್ನು. ಅದನ್ನು ತಿಳಿಯದೆ ಈ ನಾಯಿಯನ್ನು ಸಾಕಲು ಹೊರಡುವುದು, ನೇಕಾರನನ್ನು ಮನೆಗೆ ಕರೆತಂದು ಮಗ್ಗವನ್ನು ಹೊರಗೆ ಬಿಟ್ಟಂತೆ.

ಸ್ಪೇನಿಯಲ್ ಎಂಬ ಹೆಸರಿನಲ್ಲಿಯೇ ಸ್ಪೇನ್ ದೇಶವಿದೆ. ‘ಸ್ಪೇನಿನದು’ ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಅದು ಇಂಗ್ಲಿಷಿಗೆ ಬಂದಿತು. 14ನೆಯ ಶತಮಾನದ ಕವಿ ಚಾಸರನ ಕಾವ್ಯದಲ್ಲಿಯೇ ಸ್ಪೇನಿಯಲ್‌ನ ಪ್ರಸ್ತಾಪವಿದೆ. 1570ರಲ್ಲಿ ಜಾನ್ ಕೀಸ್ ಎಂಬ ವೈದ್ಯ ಬ್ರಿಟನ್ನಿನ ನಾಯಿಗಳನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಪುಸ್ತಕವನ್ನೇ ಬರೆದ. ಅದರಲ್ಲಿ ಆತ ಹಕ್ಕಿಬೇಟೆಯ ನಾಯಿಗಳನ್ನು ನೆಲದ ಮೇಲೆ ದುಡಿಯುವವು, ನೀರಿನಲ್ಲಿ ದುಡಿಯುವವು ಎಂದು ಬೇರೆಬೇರೆಯಾಗಿ ವಿವರಿಸುತ್ತಾನೆ. ನೋಡಿ, ಆ ಕಾಲದಲ್ಲಿ ನಾಯಿಗಳನ್ನು ವಿಂಗಡಿಸುತ್ತಿದ್ದುದು ಅವು ಮಾಡುವ ಕೆಲಸದಿಂದ, ಅಂದಚಂದದಿಂದಲ್ಲ.

‘ಕಾಕರ್’ ಎಂಬ ಮಾತು ವುಡ್‌ಕಾಕ್ ಎಂಬ ಹಕ್ಕಿಯಿಂದ ಬಂದದ್ದು. ಉದ್ದ ಕೊಕ್ಕಿನ, ತರಗೆಲೆಯ ಬಣ್ಣದ ಈ ಹಕ್ಕಿ ಚಳಿಗಾಲದಲ್ಲಿ ನಮ್ಮ ನೀಲಗಿರಿಯಂಥ ಬೆಟ್ಟಗಳಿಗೂ ವಲಸೆ ಬರುತ್ತದೆ. ಹಗಲೆಲ್ಲ ದಟ್ಟ ಪೊದೆಯೊಳಗೆ ಒಣ ಎಲೆಗಳ ನಡುವೆ ಅಲುಗಾಡದೆ ಕೂತಿರುತ್ತದೆ. ಒಂದೆರಡು ಮಾರು ದೂರದಲ್ಲಿ ನಿಂತರೂ ಮನುಷ್ಯನ ಕಣ್ಣಿಗೆ ಬೀಳದು. ಅದನ್ನು ಹುಡುಕಲು ಮೂಗು ಬೇಕು. ಮುಳ್ಳುಪೊದೆಯಲ್ಲಿ ನುಸುಳಲು ಗಿಡ್ಡನೆಯ, ಗಟ್ಟಿ ಮೈ ಬೇಕು. ಬೇಟೆಗಾರನ ಮುಂದೆ ಬಂದೂಕಿನ ಗುರಿಗೆ ಸಿಗುವಷ್ಟೇ ದೂರದಲ್ಲಿ, ಎಡಕ್ಕೂ ಬಲಕ್ಕೂ ಅಂಕುಡೊಂಕಾಗಿ, ಮೂಗನ್ನು ನೆಲಕ್ಕಿಟ್ಟು, ಹೊಲದ ಒಂದಿಷ್ಟು ಜಾಗವನ್ನೂ ಬಿಡದೆ ಓಡಾಡುವುದು ಕಾಕರ್‌ನ ಮೊದಲ ಕೆಲಸ. ವಾಸನೆ ಸಿಕ್ಕೊಡನೆ ಪೊದೆಗೆ ನುಗ್ಗಿ ಹಕ್ಕಿಯನ್ನು ಎಬ್ಬಿಸುವುದು ಎರಡನೆಯದು. ಹಕ್ಕಿ ಹಾರಿದಾಕ್ಷಣ ಅದರ ಹಿಂದೆ ಓಡದೆ ಇದ್ದಲ್ಲೇ ಕೂತುಬಿಡುವುದು ಮೂರನೆಯದು. ಎಲ್ಲಕ್ಕಿಂತ ಕಷ್ಟದ್ದೂ ಅದೇ. ಅಪ್ಪಣೆಯಾದ ಮೇಲೆ ಬಿದ್ದ ಹಕ್ಕಿಯನ್ನು ಹಲ್ಲು ತಾಗದಂತೆ ಬಾಯಲ್ಲಿ ಹಿಡಿದು ತಂದೊಪ್ಪಿಸುವುದು ನಾಲ್ಕನೆಯದು. ಬೇಟೆಯನ್ನು ನಾನು ಮೆಚ್ಚುವವನಲ್ಲ. ಆದರೆ ಒಂದು ಪ್ರಾಣಿ ನೂರಾರು ವರ್ಷಗಳ ಕಾಲ ಈ ನಾಲ್ಕು ಕೆಲಸಗಳಿಗಾಗಿಯೇ ಆಯ್ಕೆಗೊಂಡು, ತಲೆಮಾರಿನಿಂದ ತಲೆಮಾರಿಗೆ ರೂಪುಗೊಂಡು ಬಂದಿದೆ ಎಂಬುದನ್ನು ಮರೆಯಲಾಗದು.

ನಾಯಿಯನ್ನು ಅದರ ಕೆಲಸದಿಂದ ಗೌರವಿಸುವುದು ಕನ್ನಡ ನಾಡಿಗೆ ಹೊಸದೇನಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಚರಿತ್ರೆಯ ಪಾಠದಲ್ಲಿ ಓದಿದ್ದೀರಿ. ಸುಮಾರು 950ರ ಕಾಲದ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಗಂಗರ ಬೂತುಗ ‘ಏನು ಬೇಕೋ ಕೇಳು’ ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಟ್ಟು, ಪೂಜೆಗೆ ಭೂಮಿಯನ್ನೂ ಬಿಟ್ಟರು. ನಮ್ಮ ಮುಧೋಳದ ನಾಯಿಯೂ ಕಸುಬಿನ ನಾಯಿಯೇ. ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಆದರೆ ಮುಧೋಳದ ನಾಯಿಗೂ ಸ್ಪೇನಿಯಲ್‌ಗೂ ದೊಡ್ಡ ಅಂತರವಿದೆ. ಅದು ಬಯಲಿನಲ್ಲಿ ಕಣ್ಣಿನಿಂದ ಬೇಟೆಯನ್ನು ಗುರುತಿಸಿ ವೇಗದಿಂದ ಗೆಲ್ಲುವಂಥದು. ಇದು ಪೊದೆಯಲ್ಲಿ ಮೂಗಿನಿಂದ ಹುಡುಕಿ ತಾಳ್ಮೆಯಿಂದ ಗೆಲ್ಲುವಂಥದು. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕನ್ನಡದ ಓದುಗರಿಗೆ ಸ್ಪೇನಿಯಲ್ ನಾಯಿಯನ್ನು ಆಪ್ತವಾಗಿಸಿದವರು ಪೂರ್ಣಚಂದ್ರ ತೇಜಸ್ವಿಯವರು. 1980ರಲ್ಲಿ ಬಂದ ‘ಕರ್ವಾಲೊ’ ಕಾದಂಬರಿಯ ‘ಕಿವಿ’ಯನ್ನು ಯಾರು ತಾನೆ ಮರೆತಾರು? ಹಾರುವ ಓತಿಯನ್ನು ಹುಡುಕುತ್ತ ಕಾಡಿಗೆ ಹೊರಟ ಕರ್ವಾಲೊ, ಮಂದಣ್ಣ, ಕರಿಯಪ್ಪ ಮೊದಲಾದವರ ಜೊತೆಗೆ ಆ ನಾಯಿಯೂ ಒಂದು ಪಾತ್ರವಾಗಿ ಹೊರಡುತ್ತದೆ. ‘ಪರಿಸರದ ಕತೆ’ಯಲ್ಲಿಯೂ ಅದು ಬರುತ್ತದೆ. ಎಂಥ ಸೊಗಸಾದ ಹೆಸರು ನೋಡಿ! ಆ ತಳಿಯಲ್ಲಿ ಎದ್ದು ಕಾಣುವ ಅಂಗವೇ ಅದರ ಹೆಸರು. ನಾನು ಜೀವಶಾಸ್ತ್ರದ ಮೇಷ್ಟರಾದರೂ ಬಿಡುವಿನ ಪಿರಿಯಡ್ಡಿನಲ್ಲಿ ಆ ಪುಸ್ತಕಗಳನ್ನು ನಿಮಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆಗ ನನಗೂ ಹೊಳೆಯದ ಒಂದು ಮಾತು ಈಗ ಹೊಳೆಯುತ್ತದೆ. ಕಿವಿಯಂಥ ನಾಯಿಗೆ ಮೂಡಿಗೆರೆಯ ತೋಟ, ಹಳ್ಳ, ಕಾಡು ಎಲ್ಲವೂ ಒದಗಿದ್ದವು. ಅಂದರೆ ಅಲ್ಲಿ ಅದರ ಮೂಗಿಗೆ ಬೆಳಗಿನಿಂದ ಸಂಜೆಯವರೆಗೆ ಕೆಲಸವಿತ್ತು.

ಇಂಥ ಪೊದೆಯ ಕೆಲಸಗಾರ ದಿವಾನಖಾನೆಗೆ ಬಂದದ್ದು ಹೇಗೆ? 19ನೆಯ ಶತಮಾನದಲ್ಲಿ ಒಂದೇ ಸೂಲಿನ ಮರಿಗಳಲ್ಲಿ ಚಿಕ್ಕವು ‘ಕಾಕರ್’ ಎನಿಸಿಕೊಂಡರೆ ದೊಡ್ಡವು ‘ಸ್ಪ್ರಿಂಗರ್’ ಎನಿಸಿಕೊಳ್ಳುವುದೂ ಇತ್ತು. ತೂಕ 25 ಪೌಂಡ್, ಅಂದರೆ ಸುಮಾರು 11 ಕಿಲೋ, ಮೀರಬಾರದೆಂಬುದೇ ಗಡಿ. 1873ರಲ್ಲಿ ಇಂಗ್ಲೆಂಡಿನಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾಯಿತು. 1879ರಲ್ಲಿ ಜೇಮ್ಸ್ ಫ್ಯಾರೋ ಎಂಬಾತನ ಬಳಿ ಹುಟ್ಟಿದ ‘ಓಬೋ’ ಎಂಬ ಕರಿಯ ನಾಯಿಯನ್ನು ಇಂದಿನ ಕಾಕರ್‌ಗಳ ಮೂಲಪುರುಷನೆಂದು ಗಣಿಸುತ್ತಾರೆ. 1890ರ ದಶಕದ ಆರಂಭದಲ್ಲಿ ಕಾಕರ್‌ಗೆ ಪ್ರತ್ಯೇಕ ತಳಿಯ ಮನ್ನಣೆ ದೊರೆಯಿತು. 1901ರಲ್ಲಿ ತೂಕದ ಗಡಿಯೂ ಹೋಯಿತು. ಅಲ್ಲಿಂದ ಮುಂದೆ ಪ್ರದರ್ಶನಗಳ ಯುಗ. ಕ್ರಫ್ಟ್ಸ್ ಎಂಬ ಪ್ರಸಿದ್ಧ ಶ್ವಾನಪ್ರದರ್ಶನದಲ್ಲಿ ಎಚ್. ಎಸ್. ಲಾಯ್ಡ್ ಎಂಬೊಬ್ಬರೇ ತಮ್ಮ ಕಾಕರ್‌ಗಳಿಗೆ 1930ರಿಂದ 1950ರ ನಡುವೆ ಆರು ಬಾರಿ ಅತ್ಯುನ್ನತ ಪ್ರಶಸ್ತಿಯನ್ನು ಗಳಿಸಿಕೊಟ್ಟರು. ಅತ್ತ ಅಮೆರಿಕದಲ್ಲಿಯೂ ಅದೇ ಹುಚ್ಚು. 1952ರಲ್ಲಿ ರಿಚರ್ಡ್ ನಿಕ್ಸನ್ ತಮ್ಮ ಮೇಲಿನ ಆರೋಪಗಳಿಗೆ ಟೆಲಿವಿಷನ್‌ನಲ್ಲಿ ಉತ್ತರಿಸುವಾಗ, ಮಕ್ಕಳಿಗೆ ಉಡುಗೊರೆಯಾಗಿ ಬಂದ ‘ಚೆಕರ್ಸ್’ ಎಂಬ ಕಾಕರ್ ನಾಯಿಯನ್ನು ಮಾತ್ರ ಹಿಂದಿರುಗಿಸುವುದಿಲ್ಲವೆಂದು ಹೇಳಿ ಜನರ ಮನಸ್ಸನ್ನು ಗೆದ್ದರು. 1955ರಲ್ಲಿ ಡಿಸ್ನಿಯವರ ‘ಲೇಡಿ ಅಂಡ್ ದ ಟ್ರ್ಯಾಂಪ್’ ಚಿತ್ರದ ನಾಯಕಿಯೂ ಕಾಕರ್ ಆದಳು.

ಈ ನಾಯಿ ಮನೆಯೊಳಗಿನ ಬಾಳಿಗೆ ಒಗ್ಗುವುದೇ ಇಲ್ಲವೆಂದಲ್ಲ. ಎಲಿಜಬೆತ್ ಬ್ಯಾರೆಟ್ ಎಂಬ ಕವಯಿತ್ರಿ ಲಂಡನ್ನಿನಲ್ಲಿ ಕಾಯಿಲೆಯಿಂದ ಕೋಣೆಯಲ್ಲೇ ಮಲಗಿದ್ದ ಕಾಲದಲ್ಲಿ, 1840ರ ದಶಕದ ಆರಂಭದಲ್ಲಿ, ಗೆಳತಿಯೊಬ್ಬಳು ಕೊಟ್ಟ ‘ಫ್ಲಶ್’ ಎಂಬ ಕಾಕರ್ ಆಕೆಯ ಸಂಗಾತಿಯಾಗಿತ್ತು. ನಾಯಿಗಳ್ಳರು ಅದನ್ನು ಮೂರು ಬಾರಿ ಕದ್ದರು. ಮೂರು ಬಾರಿಯೂ ಹಣ ತೆತ್ತು ಬಿಡಿಸಿಕೊಂಡರು. 1933ರಲ್ಲಿ ವರ್ಜೀನಿಯಾ ವುಲ್ಫ್ ಆ ನಾಯಿಯ ಜೀವನಚರಿತ್ರೆಯನ್ನೇ ಬರೆದರು. ಮನುಷ್ಯರ ಜೊತೆ ಒಂದಿದ್ದರೆ ಸ್ಪೇನಿಯಲ್ ಎಷ್ಟನ್ನು ಬೇಕಾದರೂ ಬಿಟ್ಟುಕೊಡುತ್ತದೆ. ಆದರೆ ಆ ಜೊತೆಯೂ ಇಲ್ಲ, ಹೊರಗಿನ ನೆಲವೂ ಇಲ್ಲ ಎಂದಾದರೆ ಏನಾಗಬೇಕು?

ಈಗ ನಮ್ಮೂರಿಗೆ ಬರುತ್ತೇನೆ. ಪಟ್ಟಂದೂರು ಅಗ್ರಹಾರದಲ್ಲಿ ನಾನು ಹುಡುಗನಾಗಿದ್ದಾಗ ಮನೆಯ ಹಿಂದೆ ರಾಗಿ ಹೊಲಗಳಿದ್ದವು. ಪಕ್ಕದ ವೈಟ್‌ಫೀಲ್ಡ್ ಆಗಿನ್ನೂ ಆಂಗ್ಲೋ ಇಂಡಿಯನ್ನರ ಹೆಂಚಿನ ಮನೆಗಳ ಶಾಂತ ಊರು. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ ಬೇಸಾಯದಿಂದ ಬದುಕಲೆಂದು ಹುಟ್ಟಿದ ಆ ನೆಲೆಗೆ, ಅದಕ್ಕಾಗಿ ಶ್ರಮಿಸಿದ ಡಿ. ಎಸ್. ವೈಟ್ ಅವರ ಹೆಸರೇ ಬಂದಿತು. ಅಲ್ಲಿಯ ಒಂದು ಕಾಂಪೌಂಡಿನ ಗೇಟಿನ ಸಂದಿಯಲ್ಲಿ ಜೋಲುಕಿವಿಯ ನಾಯಿಯೊಂದು ಮೂಗು ತೂರಿಸಿ ನಿಂತಿರುತ್ತಿದ್ದುದನ್ನು ಶಾಲೆಗೆ ಹೋಗುವಾಗ ನೋಡುತ್ತಿದ್ದೆವು. ನಮ್ಮ ಮನೆಗಳಲ್ಲಿ ನಾಯಿಗೆ ಅಂಗಳದವರೆಗೆ ಮಾತ್ರ ಪ್ರವೇಶ; ಹೊಸ್ತಿಲು ದಾಟುವ ನಾಯಿಯನ್ನು ನಾವು ಕಲ್ಪಿಸಿಕೊಂಡೂ ಇರಲಿಲ್ಲ. 1990ರ ದಶಕದಲ್ಲಿ ಐಟಿಪಿಎಲ್ ಎದ್ದಿತು. ಹೊಲಗಳು ನಿವೇಶನಗಳಾದವು, ನಿವೇಶನಗಳ ಮೇಲೆ ಗೋಪುರಗಳು ಬೆಳೆದವು. ಗೋಪುರಗಳೊಳಗೆ ನಾಯಿಗಳು ಹನ್ನೊಂದನೆಯ, ಹದಿನಾಲ್ಕನೆಯ ಮಹಡಿಗೆ ಲಿಫ್ಟಿನಲ್ಲಿ ಏರಿಹೋದವು.

ಕೋಕೋ ಅಂಥ ಒಂದು ಹನ್ನೊಂದನೆಯ ಮಹಡಿಯಿಂದ ಬಂದವನು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ 2017ರಲ್ಲಿ ಮಗಳ ಐದನೆಯ ಹುಟ್ಟುಹಬ್ಬಕ್ಕೆ ಅವನನ್ನು ತಂದಿದ್ದ. ಆ ಮಗುವೇ ಹೆಸರಿಟ್ಟದ್ದು. ಗಂಡ ಹೆಂಡತಿ ಇಬ್ಬರೂ ಕಂಪನಿಯ ಕೆಲಸಕ್ಕೆ ಹೋಗುವವರು; ಮರಿ ಹಗಲೆಲ್ಲ ಒಂಟಿ. ಸೋಫಾ ಹರಿಯಿತು, ಬಾಗಿಲ ಕೆಳಗೆ ಕೆರೆಯಿತು, ಪಕ್ಕದವರು ದೂರು ಕೊಟ್ಟರು. 2020ರಲ್ಲಿ ಎಲ್ಲರೂ ಮನೆಯಿಂದಲೇ ಕೆಲಸ ಮಾಡತೊಡಗಿದಾಗ ಮಾತ್ರ ಆ ನಾಯಿ ತಣ್ಣಗಾಯಿತೆಂದು ಅವನೇ ಹೇಳುತ್ತಾನೆ. 2021ರಲ್ಲಿ ಅವನಿಗೆ ನೆದರ್ಲೆಂಡ್ಸಿನಲ್ಲಿ ಕೆಲಸವಾಯಿತು. ಅಲ್ಲಿ ಸಿಕ್ಕ ಬಾಡಿಗೆ ಮನೆಯಲ್ಲಿ ಪ್ರಾಣಿಗಳಿಗೆ ಅವಕಾಶವಿರಲಿಲ್ಲ. “ಮೇಷ್ಟ್ರೇ, ಬೇರೆ ಯಾರ ಹತ್ತಿರ ಬಿಡೋಕೂ ಮನಸ್ಸು ಬರ್ತಿಲ್ಲ” ಎಂದು ನಮ್ಮ ಜಗಲಿಯಲ್ಲಿ ಕೂತ. ನಮ್ಮ ಮನೆಯವರು ನನ್ನ ಮುಖ ನೋಡಿದರು. ಅಡುಗೆಮನೆಗೂ ದೇವರ ಮನೆಗೂ ಕಾಲಿಡಬಾರದು ಎಂಬ ಕರಾರಿನ ಮೇಲೆ ಒಪ್ಪಿಗೆಯಾಯಿತು. ಆ ಕರಾರನ್ನು ಕೋಕೋ ಇಂದಿಗೂ ಪಾಲಿಸುತ್ತಿದ್ದಾನೆ. ಅಡುಗೆಮನೆಯ ಹೊಸ್ತಿಲ ಮೇಲೆ ಗಲ್ಲವಿಟ್ಟು ಮಲಗುವುದು ಕರಾರಿನ ಉಲ್ಲಂಘನೆಯಲ್ಲವೆಂಬುದು ಅವನ ವಾದ.

ಮೊದಲ ಕೆಲವು ದಿನ ಅವನು ಮನೆಯೊಳಗೆ ಗೋಡೆಯಿಂದ ಗೋಡೆಗೆ ಮೂಗು ಕೆಳಗಿಟ್ಟುಕೊಂಡು ಸುತ್ತುತ್ತಲೇ ಇದ್ದ. ಕೂರು ಎಂದರೆ ಕೂರುವನು, ಮರುಕ್ಷಣ ಎದ್ದು ಮತ್ತೆ ಅದೇ. “ಇದಕ್ಕೆ ಏನೋ ಗೀಳು ಹಿಡಿದಿದೆ” ಎಂದರು ಮನೆಯವರು. ಒಂದು ಮುಂಜಾನೆ ಕೆರೆಯ ಕಡೆಗೆ ಕರೆದೊಯ್ದೆ. ಹುಲ್ಲಿನ ಅಂಚು ತಲುಪಿದೊಡನೆ ಅದೇ ಗೋಡೆಯಿಂದ ಗೋಡೆಯ ನಡೆ, ಎಡಕ್ಕೆ ಹತ್ತು ಹೆಜ್ಜೆ, ಬಲಕ್ಕೆ ಹತ್ತು ಹೆಜ್ಜೆ, ಹಗ್ಗದ ಅಳತೆಯೊಳಗೇ, ನನ್ನ ಮುಂದೆಯೇ. ಲಂಟಾನದ ಪೊದೆಯ ಬಳಿ ಬಂದಾಗ ಬಾಲದ ಬೀಸು ಇಮ್ಮಡಿಯಾಯಿತು, ತಲೆ ಒಳಗೆ ಹೋಯಿತು, ಕೆಂಬೂತವೊಂದು ಪಟಪಟನೆ ಎದ್ದು ಹಾರಿತು. ಕೋಕೋ ಹಿಂಬಾಲಿಸಲಿಲ್ಲ. ಕೂತು ನನ್ನ ಮುಖ ನೋಡಿದ. ಯಾರೂ ಅವನಿಗೆ ಕಲಿಸಿರಲಿಲ್ಲ. ಎಲ್ಲ ಕಾಕರ್‌ಗಳೂ ಕಲಿಸದೆ ಹಾಗೆ ಕೂರುತ್ತವೆಂದು ಹೇಳಲಾರೆ, ಸಾಮಾನ್ಯವಾಗಿ ಅದನ್ನು ತರಬೇತಿಯಿಂದಲೇ ರೂಢಿಸಬೇಕು. ಆದರೆ ಹುಡುಕುವ ಆ ನಡೆ ಮಾತ್ರ ರಕ್ತದಲ್ಲಿಯೇ ಇರುವಂಥದು. ಅದು ಗೀಳಲ್ಲ, ಕಸುಬು.

ಇದನ್ನು ಕಂಡ ಮೇಲೆ ನಮ್ಮ ಬೀದಿಯ ಹಿರಿಯರೊಬ್ಬರ ನೆನಪಾಯಿತು. ಅವರ ಜಮೀನು ಹೋಗಿ ಎಷ್ಟೋ ವರ್ಷಗಳಾದವು. ಬಾಡಿಗೆಯ ಹಣ ಧಾರಾಳವಾಗಿ ಬರುತ್ತದೆ. ಆದರೂ ಬೆಳಗಿನ ಐದಕ್ಕೆ ಎದ್ದು ಮುಗಿಲು ನೋಡುತ್ತಾರೆ, ತಾರಸಿಯ ಮೇಲೆ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಮಣ್ಣು ತುಂಬಿ ದಂಟು, ಮೆಂತ್ಯ ಬೆಳೆಯುತ್ತಾರೆ. ಕಸುಬು ಕೈ ಬಿಟ್ಟರೂ ಮೈ ಬಿಡುವುದಿಲ್ಲ. ಅದಕ್ಕೊಂದು ಡ್ರಮ್ಮಿನಷ್ಟಾದರೂ ಮಣ್ಣು ಬೇಕು.

ಕೋಕೋನ ಪಾಲಿನ ಡ್ರಮ್ಮು ಯಾವುದೆಂದರೆ ಹುಡುಕಾಟದ ಆಟ. ನನ್ನ ಹಳೆಯ ಕರವಸ್ತ್ರವನ್ನು ಹೂಕುಂಡಗಳ ಹಿಂದೆ, ಚಪ್ಪಲಿಗೂಡಿನಲ್ಲಿ, ಮೆಟ್ಟಿಲ ಸಂದಿಯಲ್ಲಿ ಬಚ್ಚಿಟ್ಟು ‘ಹುಡುಕು’ ಎನ್ನುತ್ತೇನೆ. ಸಿಕ್ಕರೆ ಒಂದು ತುಂಡು ಕ್ಯಾರೆಟ್. ಇಪ್ಪತ್ತು ನಿಮಿಷದ ಈ ಆಟ ಒಂದು ಗಂಟೆಯ ನಡಿಗೆಗಿಂತ ಹೆಚ್ಚು ದಣಿಸುತ್ತದೆ. ಇದು ಬರಿಯ ಆಟವೂ ಅಲ್ಲ. ಕೋವಿಡ್ ಕಾಲದಲ್ಲಿ ಬ್ರಿಟನ್ನಿನ ಸಂಶೋಧಕರು, ಜನ ತೊಟ್ಟು ಬಿಟ್ಟ ಕಾಲುಚೀಲಗಳ ವಾಸನೆಯಿಂದ ಸೋಂಕನ್ನು ಪತ್ತೆಹಚ್ಚಲು ನಾಯಿಗಳಿಗೆ ತರಬೇತಿ ಕೊಟ್ಟರಷ್ಟೆ. ಆ ತಂಡದಲ್ಲಿ ಲ್ಯಾಬ್ರಡಾರ್‌ಗಳ ಜೊತೆ ಕಾಕರ್ ಸ್ಪೇನಿಯಲ್‌ಗಳೂ ಇದ್ದವು. ಸ್ಫೋಟಕ, ಮಾದಕ ವಸ್ತುಗಳ ಪತ್ತೆಗೂ ಹಲವು ದೇಶಗಳಲ್ಲಿ ಇವನ್ನು ಬಳಸುತ್ತಾರೆ.

ಇನ್ನು ಆರೈಕೆಯ ಮಾತು. ಜೋಲುವ ಕಿವಿ ನೋಡಲು ಚೆಂದ, ಆದರೆ ಕಿವಿಯ ಕೊಳವೆಗೆ ಅದು ಮುಚ್ಚಳ ಹಾಕಿದಂತೆ. ಒಳಗೆ ತೇವ ನಿಂತು ಸೋಂಕಾಗುತ್ತದೆ. ವಾರಕ್ಕೊಮ್ಮೆಯಾದರೂ ಎತ್ತಿ ನೋಡಬೇಕು, ಸ್ನಾನದ ನಂತರ ಒರೆಸಿ ಒಣಗಿಸಬೇಕು. ಕೆಟ್ಟ ವಾಸನೆ ಬಂದರೆ ಎಣ್ಣೆ ಗಿಣ್ಣೆ ಬಿಡದೆ ವೈದ್ಯರ ಬಳಿ ಹೋಗಬೇಕು. ನೀಳ ಕೂದಲಿಗೆ ಉತ್ತರಾಣಿ ಬೀಜ, ಹುಲ್ಲಿನ ಮುಳ್ಳು ಅಂಟಿಕೊಳ್ಳುತ್ತವೆ. ದಿನವೂ ಬಾಚದಿದ್ದರೆ ಗಂಟುಗಟ್ಟುತ್ತದೆ. ಮಳೆಗಾಲದಲ್ಲಿ ಉಣ್ಣಿಗಳ ಕಾಟ, ಅವುಗಳಿಂದ ಜ್ವರ. ತಿನ್ನುವುದರಲ್ಲಿ ಇವಕ್ಕೆ ಸಂಯಮವಿಲ್ಲ. ಆ ಕಣ್ಣುಗಳಿಗೆ ಸೋತು ಕೊಡುತ್ತ ಹೋದರೆ ಪೀಪಾಯಿಯಾಗುತ್ತದೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ನಾಯಿಗಳಿಗೆ ವಿಷವೆಂಬುದನ್ನು ಮನೆಯ ಮಕ್ಕಳಿಗೆ ಮೊದಲೇ ಹೇಳಿಕೊಡಿ.

ಇವೆಲ್ಲ ನಿಭಾಯಿಸಬಹುದಾದ ಸಂಗತಿಗಳು. ನಿಭಾಯಿಸಲಾಗದ ಒಂದು ನಮ್ಮ ಪಾಲಿಗೆ 2023ರಲ್ಲಿ ಬಂದಿತು. ಸಂಜೆಯ ಹೊತ್ತು ಕೋಕೋ ಮೆಟ್ಟಿಲ ಬಳಿ ಅನುಮಾನಿಸತೊಡಗಿದ. ಬೆಳಕಿದ್ದಾಗ ಸರಿಯಾಗಿಯೇ ಓಡಾಡುವವನು ಮಬ್ಬಿನಲ್ಲಿ ಕುರ್ಚಿಗೆ ಡಿಕ್ಕಿ ಹೊಡೆದ. ವೈದ್ಯರು ಕಣ್ಣಿನೊಳಗೆ ಬೆಳಕು ಬಿಟ್ಟು ಪರೀಕ್ಷಿಸಿ, ಇದು ಅಕ್ಷಿಪಟಲವು ಮೆಲ್ಲಮೆಲ್ಲನೆ ಸವೆದುಹೋಗುವ ವಂಶಪಾರಂಪರ್ಯದ ರೋಗವೆಂದರು. ಇರುಳಿನ ದೃಷ್ಟಿಯ ಕೋಶಗಳು ಮೊದಲು ಸಾಯುತ್ತವೆ, ಅನಂತರ ಹಗಲಿನವು. ನೋವಿಲ್ಲ, ಔಷಧವೂ ಇಲ್ಲ.

ಹತ್ತನೆಯ ತರಗತಿಯ ಮೆಂಡಲನ ಬಟಾಣಿ ಗಿಡಗಳು ನೆನಪಿವೆಯೆ? ಕಪ್ಪುಹಲಗೆಯ ಮೇಲೆ ನಾಲ್ಕು ಚೌಕಗಳನ್ನು ಬರೆದು ತೋರಿಸುತ್ತಿದ್ದೆ. ಇದು ಅದೇ ಲೆಕ್ಕ. ಕಾಕರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಈ ರೋಗದ ದೋಷ ಅಪ್ರಬಲ ಗುಣವಾಗಿ ಅಡಗಿರುತ್ತದೆ. ತಾಯಿ ತಂದೆ ಇಬ್ಬರ ಕಣ್ಣೂ ಚೆನ್ನಾಗಿರಬಹುದು. ಇಬ್ಬರಲ್ಲೂ ದೋಷದ ಒಂದೊಂದು ಪ್ರತಿ ಇದ್ದರೆ, ಹುಟ್ಟುವ ಪ್ರತಿ ಮರಿಗೂ ನಾಲ್ಕರಲ್ಲೊಂದು ಪಾಲು ಕುರುಡಾಗುವ ಸಂಭವ. ಇದಕ್ಕೆ ಕಾರಣವಾದ ಜೀನಿನ ದೋಷವನ್ನು ವಿಜ್ಞಾನಿಗಳು 2006ರಲ್ಲಿ ಗುರುತಿಸಿದರು, ಪರೀಕ್ಷೆಯೂ ಲಭ್ಯವಿದೆ. ಪರೀಕ್ಷಿಸಿ ಜೋಡಿ ಮಾಡಿದರೆ ಒಂದು ಮರಿಯೂ ಈ ರೀತಿ ಕುರುಡಾಗಬೇಕಿಲ್ಲ. ಜನಪ್ರಿಯತೆಯ ಕತೆಯನ್ನು ಮೇಲೆ ಅಷ್ಟು ವಿವರವಾಗಿ ಹೇಳಿದ್ದು ಇದಕ್ಕೇ. ಕೆಲಸಕ್ಕಾಗಿ ನಾಯಿಯನ್ನು ಆರಿಸುವವನು ಕಣ್ಣು ಕಾಣದ್ದನ್ನು ಬಿಡುತ್ತಾನೆ. ಪದಕಕ್ಕಾಗಿ ಆರಿಸುವವನು ಕೆಲವೇ ಗೆದ್ದ ನಾಯಿಗಳ ವಂಶವನ್ನು ಮತ್ತೆ ಮತ್ತೆ ಬೆರೆಸುತ್ತಾನೆ. ಅಡಗಿದ ದೋಷಗಳು ಒಂದನ್ನೊಂದು ಸಂಧಿಸುತ್ತವೆ. ಬರಿಯ ಮಾರಾಟಕ್ಕಾಗಿ ಮರಿ ಮಾಡಿಸುವವನು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ.

ನನ್ನ ಶಿಷ್ಯನಿಗೆ ತಿಳಿಸಿದೆ. ಅವನು ಮೌನವಾದ. ಪ್ರತಿ ಭಾನುವಾರ ವಿಡಿಯೋ ಕರೆಯಲ್ಲಿ ಅವನ ಮಗಳು “ತಾತಾ, ಕೋಕೋಗೆ ನನ್ನ ಜ್ಞಾಪಕ ಇದೆಯಾ?” ಎಂದು ಕೇಳುತ್ತಿದ್ದಳು. ಕಣ್ಣಿನ ವಿಷಯ ಅವಳಿಗೆ ಹೇಳುವುದು ಬೇಡವೆಂದು ತಂದೆಯ ಕೋರಿಕೆ. ಮಕ್ಕಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲದ ನನಗೆ ಆ ಭಾನುವಾರಗಳು ಭಾರವಾದವು. “ನೋಡಪ್ಪ, ಅವಳಿಗೆ ಈಗ ಹನ್ನೊಂದು. ನೀನೇ ಹೇಳು, ನಾಲ್ಕು ಚೌಕ ಬರೆದು ಹೇಳು. ಕಾರಣ ಗೊತ್ತಾದ ದುಃಖವನ್ನು ಮಕ್ಕಳು ತಡೆದುಕೊಳ್ಳುತ್ತಾರೆ” ಎಂದೆ. ಹೇಳಿದನಂತೆ. ಅವಳು ಒಂದು ದಿನ ಊಟ ಮಾಡಲಿಲ್ಲವಂತೆ. ಮರುದಿನ ಅವಳ ಪ್ರಶ್ನೆ: “ಹಾಗಾದರೆ ಅವನ ಮೂಗಿಗೆ ಏನೂ ಆಗುವುದಿಲ್ಲ ಅಲ್ವಾ?”

ಮಗು ನಿಜವಾದ ಜಾಗಕ್ಕೇ ಬೆರಳಿಟ್ಟಿತ್ತು. ಮುಧೋಳದ ನಾಯಿಯ ಕಣ್ಣು ಹೋದರೆ ಕಸುಬೇ ಹೋದಂತೆ, ಸ್ಪೇನಿಯಲ್‌ಗೆ ಹಾಗಲ್ಲ. ಕೋಕೋ ಮನೆಯ ನಕ್ಷೆಯನ್ನು ಮೂಗಿನಲ್ಲಿ ಬರೆದುಕೊಂಡಿದ್ದಾನೆ. ನಾವು ಪೀಠೋಪಕರಣಗಳನ್ನು ಸರಿಸುವುದಿಲ್ಲ. ಮೆಟ್ಟಿಲ ಬಳಿ ಒರಟಾದ ಚಾಪೆ ಹಾಸಿದ್ದೇವೆ. ಪಂಜಕ್ಕೆ ಅದು ತಾಗಿದರೆ ನಿಲ್ಲಬೇಕೆಂದು ಕಲಿತಿದ್ದಾನೆ. ಮುಟ್ಟುವ ಮೊದಲು ಹೆಸರು ಹಿಡಿದು ಕೂಗುತ್ತೇವೆ. ಹುಡುಕಾಟದ ಆಟವನ್ನು ಅವನು ಬಿಟ್ಟಿಲ್ಲ, ಈಗ ನನಗಿಂತ ಬೇಗ ಗೆಲ್ಲುತ್ತಾನೆ.

2024ರ ಡಿಸೆಂಬರಿನಲ್ಲಿ ಅವರು ಬಂದರು. ನಾಯಿ ಬೆಚ್ಚದಿರಲೆಂದು, ಓಡಿಬಂದು ತಬ್ಬಬೇಡ, ಬಾಗಿಲ ಬಳಿ ಸುಮ್ಮನೆ ನಿಂತಿರು ಎಂದು ಹುಡುಗಿಗೆ ಮೊದಲೇ ಹೇಳಿದ್ದೆ. ಮುಸ್ಸಂಜೆ. ಕೋಕೋ ನಡುಮನೆಯ ಮೂಲೆಯಲ್ಲಿ ಮಲಗಿದ್ದವನು ತಲೆ ಎತ್ತಿದ. ಮುಖ ಬೇರೆ ದಿಕ್ಕಿಗಿತ್ತು. ಎದ್ದ. ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ, ಕೆರೆಯ ಹುಲ್ಲಿನಲ್ಲಿ ನಡೆಯುವಂತೆಯೇ ಅಂಕುಡೊಂಕಾಗಿ ನಡುಮನೆಯನ್ನೆಲ್ಲ ಅಳೆಯುತ್ತ ಬಂದ. ಅಪ್ಪನ ಬೂಟುಗಳನ್ನು ದಾಟಿ, ಅಮ್ಮನ ಚೀಲವನ್ನು ದಾಟಿ, ಅವಳ ಪಾದಗಳ ಬಳಿ ಬಂದು ನಿಂತ. ಬಾಲ ಒಮ್ಮೆ ನಿಂತಿತು. ಮರುಕ್ಷಣ ಇಡೀ ಮೈಯೇ ಬಾಲವಾಯಿತು. ಮೂರು ವರ್ಷಗಳಲ್ಲಿ ಹುಡುಗಿ ಒಂದಡಿ ಬೆಳೆದಿದ್ದಳು, ಧ್ವನಿ ಬದಲಾಗಿತ್ತು, ಇನ್ನೂ ಒಂದು ಮಾತೂ ಆಡಿರಲಿಲ್ಲ. ಆದರೂ ಹುಡುಕಿ ತೆಗೆದಿದ್ದ. ನಮ್ಮ ಮನೆಯವರು ಅಡುಗೆಮನೆಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಕಾಕರ್ ತರಬಹುದೆ? ಮೂರು ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ. ಹಗಲಿನಲ್ಲಿ ಮನೆಯಲ್ಲಿ ಯಾರಾದರೂ ಇರುತ್ತಾರೆಯೆ? ದಿನಕ್ಕೆರಡು ಬಾರಿ ಅದರ ಮೂಗನ್ನು ಮಣ್ಣಿಗೆ, ಹುಲ್ಲಿಗೆ ಕರೆದೊಯ್ಯುವ ವ್ಯವಧಾನವಿದೆಯೆ? ಮುಂದಿನ 12–14 ವರ್ಷಗಳಲ್ಲಿ ನೀವು ಎಲ್ಲಿಗೆ ಹೋದರೂ ಅದನ್ನು ಒಯ್ಯುವ ಅಥವಾ ಒಪ್ಪಿಸುವ ದಾರಿ ಯೋಚಿಸಿದ್ದೀರಾ? ಮೂರಕ್ಕೂ ಹೌದು ಎಂದಾದರೆ ಮಾರುವವನಿಗೆ ನಾಲ್ಕನೆಯ ಪ್ರಶ್ನೆ: ತಾಯಿ ತಂದೆಯರ ಕಣ್ಣಿನ ಜೀನ್ ಪರೀಕ್ಷೆಯ ವರದಿ ಎಲ್ಲಿ? 2017ರ ಕೇಂದ್ರ ಸರ್ಕಾರದ ನಿಯಮಗಳ ಪ್ರಕಾರ ತಳಿಗಾರರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿನಾಯಿಯನ್ನು ತೋರಿಸಲು ಹಿಂಜರಿಯುವವರಿಂದ ಮರಿಯನ್ನು ತರಲೇಬೇಡಿ.

ಮೂರರಲ್ಲಿ ಒಂದಕ್ಕೆ ಇಲ್ಲ ಎಂಬ ಉತ್ತರ ಬಂದರೂ ಬೇಸರ ಬೇಡ. ಮಕ್ಕಳನ್ನು ಕರೆದುಕೊಂಡು ಯಾವುದಾದರೊಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ. 2023ರಿಂದ ಮೆಟ್ರೋ ನಮ್ಮೂರಿನ ಹೆಸರಿನ ನಿಲ್ದಾಣದಲ್ಲೇ ಇಳಿಸುತ್ತದೆ. ಹಗ್ಗವನ್ನು ಮಕ್ಕಳ ಕೈಗೆ ಕೊಡುತ್ತೇನೆ. ಕೆರೆಯ ದಾರಿ ಕೋಕೋಗೆ ಗೊತ್ತಿದೆ. ಬರುವಾಗ ಒಂದು ಹಳೆಯ ಕರವಸ್ತ್ರವನ್ನು ತನ್ನಿ, ಬಚ್ಚಿಡಲು.

ಎಲ್ಲರಿಗೂ ಒಳ್ಳೆಯದಾಗಲಿ.